ಮತ ಕೇಳದೆ ದೊರೆತ ಪೀಠ

ಬಿಳಿಗಿರಿರಂಗನ ಬೆಟ್ಟಗಳ ಮೂಡಣ ಮಗ್ಗುಲಿನ ಲೊಕ್ಕನಹಳ್ಳಿ ಇಂದು ಹನೂರು ತಾಲ್ಲೂಕಿನ ಊರು. ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಯಲ್ಲಿ ಅಲ್ಲಿನ ಜನ ಮತ ನೀಡಿದ್ದು ಮಾತ್ರ ಮೈಸೂರಿನ ವಿಧಾನಸಭೆಗಲ್ಲ, ಮದರಾಸಿನದಕ್ಕೆ. ಕೊಳ್ಳೇಗಾಲ ತಾಲ್ಲೂಕು ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹೀಗೆ ಮೊತ್ತಮೊದಲ ಬಾರಿಗೆ ಮತಪೆಟ್ಟಿಗೆಯ ಮುಂದೆ ನಿಂತ ಈ ಕನ್ನಡಿಗರಿಗೆ ಮುಖ್ಯಮಂತ್ರಿಯಾಗಿ ದೊರೆತವರಾದರೋ ಆ ಚುನಾವಣೆಗೆ ನಿಲ್ಲದೇ ಇದ್ದವರು!

375 ಸ್ಥಾನಗಳ ಮದರಾಸು ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ದೊರೆತವು 152 ಮಾತ್ರ. ಸಂಕಟದಲ್ಲಿ ಪಕ್ಷದವರು ನೆನೆದದ್ದು ಗವರ್ನರ್ ಜನರಲ್ ಪದವಿಯನ್ನೂ ಅಲಂಕರಿಸಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರನ್ನು. ರಾಜ್ಯಪಾಲ ಶ್ರೀಪ್ರಕಾಶರು ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು. 1952ರ ಏಪ್ರಿಲ್ 10ರಂದು ರಾಜಾಜಿ ಮುಖ್ಯಮಂತ್ರಿಗಳಾದರು.

ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ ಇವುಗಳಲ್ಲಿ ವಿಶೇಷ ಜ್ಞಾನವುಳ್ಳವರನ್ನು ಪರಿಷತ್ತಿಗೆ ನಾಮಕರಣ ಮಾಡಲು ಸಂವಿಧಾನದ 171ನೆಯ ಅನುಚ್ಛೇದವು ಅವಕಾಶ ಕೊಟ್ಟಿದೆ. ರಾಜಾಜಿಯವರ ಪಾಂಡಿತ್ಯವನ್ನು ಯಾರು ತಾನೆ ಶಂಕಿಸಿಯಾರು? ವಿವಾದವಿದ್ದುದು ಬೇರೆಡೆ. ವಿದ್ವಾಂಸರಿಗಾಗಿ ತೆರೆದಿಟ್ಟ ಬಾಗಿಲಿನಿಂದ ಮುಖ್ಯಮಂತ್ರಿಯನ್ನು ಒಳಗೆ ಕರೆತರಬಹುದೆ? ಕಮ್ಯೂನಿಸ್ಟ್ ನಾಯಕ ಪಿ. ರಾಮಮೂರ್ತಿಯವರು ಈ ಪ್ರಶ್ನೆಯನ್ನು ಮದರಾಸು ಉಚ್ಚ ನ್ಯಾಯಾಲಯಕ್ಕೆ ಒಯ್ದರು. ಮುಖ್ಯ ನ್ಯಾಯಾಧೀಶ ರಾಜಮನ್ನಾರ್ ಮತ್ತು ವೆಂಕಟರಾಮ ಅಯ್ಯರ್ ಅವರ ಪೀಠವು, ಅರ್ಜಿದಾರರ ಸ್ವಂತ ಹಕ್ಕಿಗೆ ಚ್ಯುತಿಯಾಗಿಲ್ಲವೆಂದು ಅರ್ಜಿಯನ್ನು ವಜಾ ಮಾಡಿತು. ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತೆಂದು ನನ್ನ ಭಾವನೆ. 1954ರಲ್ಲಿ ಅವರ ಉತ್ತರಾಧಿಕಾರಿಯಾದ ಕಾಮರಾಜರೂ ಶಾಸನಸಭೆಯ ಸದಸ್ಯರಾಗಿರಲಿಲ್ಲ. ಪರಿಷತ್ತಿನ ಸುಲಭಮಾರ್ಗವನ್ನು ಬಿಟ್ಟು ಅವರು ಗುಡಿಯಾತ್ತಂ ಉಪಚುನಾವಣೆಯಲ್ಲಿ ನಿಂತು ಗೆದ್ದು ಬಂದರು. ನ್ಯಾಯಾಲಯ ಹೇಳದೇ ಬಿಟ್ಟ ಮಾತನ್ನು ಅವರ ನಡತೆ ಹೇಳಿತೆನ್ನಬಹುದು.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಮದರಾಸಿಗೆಂದು ಆರಿಸಿಹೋದ ಅಲ್ಲಿನ ಪ್ರತಿನಿಧಿಗಳು ಮರುಚುನಾವಣೆಯಿಲ್ಲದೆ ಮೈಸೂರಿನ ಶಾಸಕರೆನಿಸಿದರು. ಇದಕ್ಕೆ ಆಕ್ಷೇಪವೆಲ್ಲಿಂದ ಬರಬೇಕು? ಜನ ಮತ ಹಾಕಿಯೇ ಇದ್ದರು. ಬದಲಾದದ್ದು ರಾಜಧಾನಿ ಮಾತ್ರ.

ಹಳೆಯ ಆ ಪ್ರಶ್ನೆ ಮತ್ತೆ ತಲೆಯೆತ್ತಿದ್ದು ಬೆಂಗಳೂರಿನಲ್ಲಿ, 2020ರಲ್ಲಿ. ಹುಣಸೂರಿನ ಶಾಸಕರಾಗಿದ್ದ ಎ. ಎಚ್. ವಿಶ್ವನಾಥರು 2019ರಲ್ಲಿ ರಾಜೀನಾಮೆಯಿತ್ತು, ಪಕ್ಷಾಂತರ ನಿಷೇಧದ ಕಾನೂನಿನನ್ವಯ ಅನರ್ಹರಾದರು. ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅನುಮತಿ ನೀಡಿತು. ಉಪಚುನಾವಣೆಯಲ್ಲಿ ಅವರು ಸೋತರು. ಮರುವರ್ಷ ಜುಲೈಯಲ್ಲಿ ವಿಧಾನ ಪರಿಷತ್ತಿಗೆ ಅವರ ನಾಮಕರಣವಾಯಿತು. ‘ಹಳ್ಳಿ ಹಕ್ಕಿಯ ಹಾಡು’ ಎಂಬ ಆತ್ಮಕಥೆಯನ್ನು ಬರೆದವರಾದುದರಿಂದ ಸಾಹಿತ್ಯದ ಬಾಗಿಲು ಅವರಿಗೆ ಹೊರಗಿನದೇನೂ ಆಗಿರಲಿಲ್ಲ. ಆದರೆ ಮುಂದೆ ಮಂತ್ರಿಪದವಿಯ ಮಾತು ಬಂದಾಗ ವಕೀಲರೊಬ್ಬರು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು.

ಈ ಸಲ ನ್ಯಾಯಾಲಯದ ಕೈಯಲ್ಲಿ ಅಳತೆಗೋಲೊಂದಿದ್ದಿತು. 2003ರ ತಿದ್ದುಪಡಿಯ ಪ್ರಕಾರ, ಪಕ್ಷಾಂತರದಿಂದ ಅನರ್ಹನಾದವನು ತನ್ನ ಹಳೆಯ ಸದಸ್ಯತ್ವದ ಅವಧಿ ಮುಗಿಯುವವರೆಗೆ, ಇಲ್ಲವೇ ಅದಕ್ಕೆ ಮುನ್ನ ಮತ್ತೆ ಚುನಾಯಿತನಾಗುವವರೆಗೆ ಮಂತ್ರಿಯಾಗುವಂತಿಲ್ಲ. ಚುನಾಯಿತನೆಂದರೆ ನಾಮಕರಣಗೊಂಡವನೂ ಹೌದೆ? ಅಲ್ಲವೆಂದು 2020ರ ನವೆಂಬರ್ 30ರಂದು ಮುಖ್ಯ ನ್ಯಾಯಮೂರ್ತಿ ಅಭಯ ಓಕಾ ಅವರ ಪೀಠವು ಮಧ್ಯಂತರ ಆದೇಶದಲ್ಲಿ ಹೇಳಿತು. ಹಾಗೆಯೇ ಅನರ್ಹರಾಗಿದ್ದ ಆರ್. ಶಂಕರ್ ಮತ್ತು ಎಂ.ಟಿ.ಬಿ. ನಾಗರಾಜ್ ಅವರೂ ಬಂದು ಕುಳಿತದ್ದು ಅದೇ ಪರಿಷತ್ತಿನಲ್ಲಿ. ಅವರು ಆರಿಸಿ ಬಂದವರಾದ್ದರಿಂದ ಅವರಿಗೆ ಅಡ್ಡಿಯಿಲ್ಲವಾಯಿತು! ಒಂದೇ ಸಭಾಂಗಣ, ಒಂದೇ ಬಗೆಯ ಪೀಠ. ಆದರೂ ಕುಳಿತ ದಾರಿಯನ್ನು ಕಾನೂನು ಮರೆಯಲಿಲ್ಲ.

ವಿಶ್ವನಾಥರು ದೆಹಲಿಗೂ ಹೋದರು. 2021ರ ಜನವರಿ 28ರಂದು ಸರ್ವೋಚ್ಚ ನ್ಯಾಯಾಲಯ ಅವರ ಮನವಿಯನ್ನು ತಳ್ಳಿಹಾಕಿತು. ಮಂತ್ರಿಪದವಿ ಕೈತಪ್ಪಿತು, ಪರಿಷತ್ತಿನ ಸದಸ್ಯತ್ವಕ್ಕೆ ಮಾತ್ರ ಧಕ್ಕೆ ಬರಲಿಲ್ಲ.