ಹೆಜ್ಜೆಯನ್ನೆಣಿಸುವ ಯಂತ್ರ

ಮನುಷ್ಯನು ತನ್ನ ದೇಹದ ಸ್ಥಿತಿಯನ್ನರಿಯಲು ಬಹು ಹಿಂದಿನಿಂದಲೂ ಅಳತೆಗಳನ್ನು ಆಶ್ರಯಿಸಿದ್ದಾನೆ. ನಾಡಿ ನೋಡುವ ಪದ್ಧತಿ, ಜ್ವರವನ್ನಳೆಯುವ ಥರ್ಮಾಮೀಟರು, ತೂಕದ ಯಂತ್ರ ಇವೆಲ್ಲವೂ ಈ ಉದ್ದೇಶದಿಂದಲೇ ಹುಟ್ಟಿದವು. ಈಚಿನ ವರುಷಗಳಲ್ಲಿ ಈ ಸಾಲಿಗೆ ಸ್ಮಾರ್ಟ್‌ಫೋನೂ ಬಂದು ಸೇರಿದೆ. ಮುಂಬಯಿಯ ಮೈದಾನಗಳಲ್ಲಿಯೂ ಕಡಲ ದಂಡೆಯಲ್ಲಿಯೂ ಬೆಳಗಿನ ಹೊತ್ತು ನಡೆಯುವವರು ನಡುನಡುವೆ ನಿಂತು ಫೋನನ್ನು ನೋಡಿಕೊಳ್ಳುವುದನ್ನು ನೀವೆಲ್ಲರೂ ಕಂಡಿರಬಹುದು. ‘ಇಂದು ಎಷ್ಟು ಹೆಜ್ಜೆಯಾಯಿತು?’ ಎಂಬುದೇ ಅವರ ಕುತೂಹಲ. ಈ ಎಣಿಕೆ ಹೇಗೆ ನಡೆಯುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ವಿದ್ಯಾರ್ಥಿಗಳಾದವರು ತಿಳಿದಿರಬೇಕು.

ಫೋನಿಗೆ ಕಣ್ಣಾಗಲಿ ಕಾಲಾಗಲಿ ಇಲ್ಲ. ಆದರೆ ಅದರೊಳಗೆ ವೇಗೋತ್ಕರ್ಷವನ್ನಳೆಯುವ ಒಂದು ಸಣ್ಣ ಸಾಧನವುಂಟು. ಇದಕ್ಕೆ ಆಕ್ಸೆಲೆರೋಮೀಟರ್ ಎಂದು ಹೆಸರು. ಉಗುರಿಗಿಂತಲೂ ಚಿಕ್ಕದಾದ ಆ ಬಿಲ್ಲೆಯಲ್ಲಿ ಸಿಲಿಕಾನಿನ ಒಂದು ತುಣುಕು ಅತಿ ಸೂಕ್ಷ್ಮವಾದ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ಫೋನು ಅಲುಗಿದರೆ ಈ ತುಣುಕು ಸರಿಯುತ್ತದೆ. ಅದಕ್ಕೂ ಪಕ್ಕದ ತಗಡುಗಳಿಗೂ ಇರುವ ಅಂತರ ಬದಲಾಗಿ, ಅಲ್ಲಿನ ವಿದ್ಯುತ್ತಿನ ಅಳತೆಯೂ ವ್ಯತ್ಯಾಸಗೊಳ್ಳುತ್ತದೆ. ಮೇಲೆ-ಕೆಳಗೆ, ಎಡ-ಬಲ, ಹಿಂದೆ-ಮುಂದೆ ಎಂಬ ಮೂರು ನೇರಗಳಲ್ಲಿಯೂ ಇದನ್ನು ಅಳೆಯಲಾಗುತ್ತದೆ. ಭೂಮಿಯ ಗುರುತ್ವಾಕರ್ಷಣೆಯನ್ನೂ ಈ ಸಾಧನ ಗ್ರಹಿಸುವುದರಿಂದಲೇ ಫೋನನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡಕ್ಕೆ ತಿರುಗುತ್ತದೆ.

ನಾವು ನಡೆಯುವಾಗ ಪ್ರತಿ ಹೆಜ್ಜೆಗೂ ದೇಹವು ತುಸು ಮೇಲೇರಿ ಕೆಳಗಿಳಿಯುತ್ತದೆ. ಚುರುಕಾಗಿ ನಡೆದರೆ ಸೆಕೆಂಡಿಗೆ ಸುಮಾರು 2 ಹೆಜ್ಜೆಗಳಾಗುತ್ತವೆ. ಈ ಏರಿಳಿತವು ತಾಳ ತಪ್ಪದೆ ಮರಳಿ ಮರಳಿ ಬಂದಾಗ, ಫೋನಿನ ಲೆಕ್ಕದ ಕ್ರಮವು ‘ಇದು ನಡಿಗೆ’ ಎಂದು ನಿರ್ಧರಿಸಿ ಒಂದೊಂದು ಏರಿಕೆಯನ್ನು ಒಂದೊಂದು ಹೆಜ್ಜೆಯೆಂದು ಬರೆದುಕೊಳ್ಳುತ್ತದೆ. ಹಾದಿಯ ದೂರವನ್ನು ತಿಳಿಯಲು ಆಕಾಶದ ನೆರವೂ ಉಂಟು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಜಿ.ಪಿ.ಎಸ್. ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತಗಳು ದೊರೆತರೆ ಫೋನು ತಾನಿರುವ ಸ್ಥಳವನ್ನು ಗುರುತಿಸಬಲ್ಲದು. ಎತ್ತರದ ಕಟ್ಟಡಗಳ ನಡುವೆ ಈ ಸಂಕೇತಗಳು ಗೋಡೆಗಳಿಗೆ ತಾಗಿ ತಿರುಗಿ ಬರುವುದರಿಂದ ನಮ್ಮ ನಗರದಲ್ಲಿ ದೂರದ ಲೆಕ್ಕ ಆಗಾಗ ತಪ್ಪುವುದುಂಟು.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಫೋನು ಅಳೆಯುವುದು ತನ್ನ ಅಲುಗಾಟವನ್ನು, ನಮ್ಮ ಶ್ರಮವನ್ನಲ್ಲ. ಸುಮ್ಮನೆ ಕುಳಿತು ಅದನ್ನು ಕೈಯಲ್ಲಿ ತಾಳಬದ್ಧವಾಗಿ ಆಡಿಸಿದರೂ ಅದು ಹೆಜ್ಜೆಗಳನ್ನು ಎಣಿಸೀತು. ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ನೋಡಿರಿ. ನಿಮ್ಮಲ್ಲಿ ಹಲವರ ತಂದೆಯವರು ಹೋಟೆಲುಗಳಲ್ಲಿ ದುಡಿಯುವವರು. ಅಂಗಿಯೊಡನೆ ಫೋನನ್ನೂ ಗೂಟಕ್ಕೆ ತೂಗುಹಾಕಿ, ಬೆಳಗಿನಿಂದ ರಾತ್ರಿಯವರೆಗೆ ಒಲೆಗೂ ಮೇಜಿಗೂ ನಡುವೆ ಓಡಾಡುತ್ತಾರೆ. ತಾಯಂದಿರು ಫೋನನ್ನು ಕಪಾಟಿನ ಮೇಲಿಟ್ಟು ನೀರಿನ ಕೊಡ ಹೊತ್ತು ಚಾಳಿನ ಮೆಟ್ಟಿಲುಗಳನ್ನು ಏರುತ್ತಾರೆ. ಆ ದಿನದ ಲೆಕ್ಕದಲ್ಲಿ ಅವರ ಹೆಜ್ಜೆ ಸೊನ್ನೆ! ಫೋನು ಒಬ್ಬ ಗುಮಾಸ್ತನಂತೆ. ತನ್ನ ಮುಂದೆ ಬಂದುದನ್ನು ಮಾತ್ರ ಬರೆಯಬಲ್ಲನು. ಬರೆಯದೆ ಉಳಿದ ಶ್ರಮವು ಶ್ರಮವಲ್ಲವೆಂದು ಯಾರೂ ಭಾವಿಸಬಾರದು.

ದಿನಕ್ಕೆ 10,000 ಹೆಜ್ಜೆ ನಡೆಯಲೇಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಈ ಸಂಖ್ಯೆ ಎಲ್ಲಿಂದ ಬಂತು? 1964ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಮರುವರುಷ, 1965ರಲ್ಲಿ, ಜಪಾನಿನ ಯಾಮಾಸಾ ಎಂಬ ಸಂಸ್ಥೆ ಸೊಂಟಕ್ಕೆ ಕಟ್ಟಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ‘ಮಾಂಪೊ-ಕೇ’, ಎಂದರೆ ‘ಹತ್ತು ಸಾವಿರ ಹೆಜ್ಜೆಗಳ ಮಾಪಕ’. ಸರಕಿಗಿಟ್ಟ ಹೆಸರೇ ಕಾಲಕ್ರಮದಲ್ಲಿ ಆರೋಗ್ಯದ ನಿಯಮವೆಂಬಂತೆ ರೂಢಿಗೆ ಬಂತು. 2019ರಲ್ಲಿ ಅಮೆರಿಕೆಯ ಸಂಶೋಧಕರು ಸರಾಸರಿ 72 ವಯಸ್ಸಿನ 16,741 ಮಹಿಳೆಯರ ನಡಿಗೆಯನ್ನು ಪರಿಶೀಲಿಸಿ ಪ್ರಕಟಿಸಿದ ವಿಷಯ ಗಮನಾರ್ಹವಾಗಿದೆ. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಕಡಿಮೆಯಿತ್ತು. 7,500ರ ಸುಮಾರಿನವರೆಗೆ ಅದು ಇನ್ನೂ ಇಳಿದು, ಅನಂತರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಹತ್ತು ಸಾವಿರ ಮುಟ್ಟಲಿಲ್ಲವೆಂದು ಅಜ್ಜ-ಅಜ್ಜಿಯರು ಕೊರಗಬೇಕಾದುದಿಲ್ಲ.

ನಿಮ್ಮ ವಯಸ್ಸಿನವರಿಗಾದರೋ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯೇ ಬೇರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಉಸಿರಾಟ ಚುರುಕಾಗುವಂತೆ ಮೈ ದಣಿಸಬೇಕು. ವಾರಕ್ಕೆ 3 ದಿನಗಳಾದರೂ ಸ್ನಾಯುಗಳನ್ನೂ ಎಲುಬುಗಳನ್ನೂ ಬಲಪಡಿಸುವ ಚಟುವಟಿಕೆ ಇರಬೇಕು. ಕಬಡ್ಡಿ, ಖೊಖೊ, ಹಗ್ಗದಾಟ, ಸೂರ್ಯನಮಸ್ಕಾರ ಇವುಗಳಿಗೆ ಯಂತ್ರ ಬೇಕಿಲ್ಲ. ಕಬಡ್ಡಿಯಾಡುವಾಗ ಫೋನು ಜೇಬಿನಲ್ಲಿರಲೂ ಕೂಡದು!

ಮನೆಯಲ್ಲಿ ಫೋನು ಒಂದೇ ಇದ್ದು, ಅದೂ ಹಿರಿಯರ ಬಳಿಯಿದ್ದರೆ ಚಿಂತೆಯಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಇನ್ನೊಂದು ಕೈಯ ಎರಡು ಬೆರಳುಗಳನ್ನು ಹಗುರವಾಗಿ ಇರಿಸಿ ನಾಡಿಯ ಬಡಿತವನ್ನು 30 ಸೆಕೆಂಡುಗಳ ಕಾಲ ಎಣಿಸಿ ಇಮ್ಮಡಿ ಮಾಡಿರಿ. ಓಡುವ ಮೊದಲು ಒಮ್ಮೆ, ಓಡಿದ ಕೂಡಲೆ ಒಮ್ಮೆ, ಎರಡು ನಿಮಿಷ ವಿಶ್ರಮಿಸಿ ಮತ್ತೊಮ್ಮೆ ಎಣಿಸಿ ಪುಸ್ತಕದಲ್ಲಿ ಬರೆದಿಡಿರಿ. ಕೆಲವು ವಾರಗಳ ನಿಯಮಿತ ವ್ಯಾಯಾಮದ ಬಳಿಕ ನಾಡಿಯು ಮೊದಲಿಗಿಂತ ಬೇಗನೆ ಶಾಂತವಾಗುತ್ತಿದ್ದರೆ ಹೃದಯವು ಬಲಗೊಳ್ಳುತ್ತಿದೆಯೆಂದು ತಿಳಿಯಬಹುದು. ಹಾಗೆಯೇ ಮೈದಾನದಲ್ಲಿ 100 ಮೀಟರು ಅಳೆದು ನಡೆದು ನೋಡಿರಿ. 160 ಹೆಜ್ಜೆಗಳಾದರೆ ನಿಮ್ಮ ಒಂದು ಹೆಜ್ಜೆ 62.5 ಸೆಂಟಿಮೀಟರು. ಮನೆಯಿಂದ ಶಾಲೆಗೆ ಎಷ್ಟು ದೂರವೆಂಬುದನ್ನು ನೀವೇ ಗುಣಿಸಿ ಹೇಳಬಹುದು.

ಫೋನು ಉಳ್ಳವರು ಒಂದು ಎಚ್ಚರಿಕೆಯನ್ನು ಮರೆಯಬಾರದು. ನಡೆದ ಹಾದಿ, ನಡೆದ ಹೊತ್ತು ಇವೆಲ್ಲ ಅದರಲ್ಲಿ ದಾಖಲಾಗುತ್ತವೆ. ಸ್ಟ್ರಾವಾ ಎಂಬ ಆ್ಯಪಿನವರು ತಮ್ಮ ಬಳಕೆದಾರರ ಓಟದ ಹಾದಿಗಳನ್ನೆಲ್ಲ ಕೂಡಿಸಿ ಒಂದು ನಕ್ಷೆಯನ್ನು ಪ್ರಕಟಿಸಿದ್ದರು. ಸೈನಿಕರ ವ್ಯಾಯಾಮದ ಹಾದಿಗಳ ಮೂಲಕ ಸೇನಾ ಶಿಬಿರಗಳ ಸ್ಥಳವೂ ಅದರಲ್ಲಿ ಬಯಲಾಗಿರುವುದು 2018ರ ಜನವರಿಯಲ್ಲಿ ಬೆಳಕಿಗೆ ಬಂತು. ಆದುದರಿಂದ ನಿಮ್ಮ ನಿತ್ಯದ ಹಾದಿಯನ್ನು ಅಪರಿಚಿತರ ಕಣ್ಣಿಗೆ ಬೀಳಗೊಡಬೇಡಿರಿ. ಹಿರಿಯರ ಒಪ್ಪಿಗೆಯಿಲ್ಲದೆ ಇಂಥ ಆ್ಯಪುಗಳಿಗೆ ಹೆಸರು ಕೊಡಲೂಬೇಡಿರಿ.

ಹಾಗೆಂದು ಈ ಯಂತ್ರವನ್ನು ಹಳಿಯಬೇಕಾಗಿಲ್ಲ. ನಿನ್ನೆಗಿಂತ ಇಂದು ಹೆಚ್ಚು ನಡೆದೆವೇ, ಈ ವಾರ ಆಲಸ್ಯದಲ್ಲಿ ಕಳೆಯಿತೇ ಎಂಬುದನ್ನು ಅದು ದಾಕ್ಷಿಣ್ಯವಿಲ್ಲದೆ ತಿಳಿಸುತ್ತದೆ. ಆದರೆ ನೋವು, ದಣಿವು, ಹಸಿವು, ನಿದ್ದೆ ಇವನ್ನು ತಿಳಿಸಲು ದೇಹವೇ ಸಾಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಲೆಕ್ಕವನ್ನು ಬೇಕಾದರೆ ಯಂತ್ರವು ಇಡಲಿ, ನಡೆಯುವವರು ನಾವಾಗೋಣ. ಇಂದು ಸಂಜೆಯೇ ಒಂದು ಗಂಟೆಯ ಕಾಲ ಆಟಕ್ಕಿಳಿಯಿರಿ. ರಾತ್ರಿ ತಂದೆತಾಯಿಗಳು ಕೆಲಸ ಮುಗಿಸಿ ಬಂದಾಗ, ಯಾವ ಲೆಕ್ಕಕ್ಕೂ ಸೇರದ ಅವರ ಹೆಜ್ಜೆಗಳನ್ನು ನೆನೆದು, ಅವರಿಗೊಂದು ಲೋಟ ನೀರನ್ನು ನೀವೇ ತಂದುಕೊಡಿರಿ.