ಕಟಕಟೆಗೆ ಬರುವ ಮೊದಲೇ ವಿಜ್ಞಾನದ ವಿಚಾರಣೆ

ಮನೋವಿಜ್ಞಾನ ಮತ್ತು ಕಾನೂನು ಕೂಡುವ ಕಡೆ ಹುಟ್ಟಿದ ಸಂಶೋಧನಾ ಪತ್ರಿಕೆಗಳಲ್ಲಿ 'ಲಾ ಅಂಡ್ ಹ್ಯೂಮನ್ ಬಿಹೇವಿಯರ್' ಪ್ರಮುಖವಾದುದು. ಅಮೆರಿಕದಲ್ಲಿ 1977ರಲ್ಲಿ ಆರಂಭವಾದ ಇದರ ಮೊದಲ ಸಂಪಾದಕ ಬ್ರೂಸ್ ಸೇಲ್ಸ್. ಸಾಕ್ಷಿಯ ನೆನಪು, ಆರೋಪಿಯ ತಪ್ಪೊಪ್ಪಿಗೆ, ಮಕ್ಕಳ ಹೇಳಿಕೆ, ತೀರ್ಪು ಕೊಡುವವರ ಮನಸ್ಸು ಇದರ ವಸ್ತು.

ಈ ಕ್ಷೇತ್ರಕ್ಕೆ ಬುನಾದಿ ಹಾಕಿದ ಪ್ರಯೋಗಗಳಲ್ಲಿ ಒಂದು 1974ರದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಗಳನ್ನು ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ಕಾರುಗಳು ಒಂದಕ್ಕೊಂದು 'ಅಪ್ಪಳಿಸಿದಾಗ' ಎಂದು ಕೇಳಿದರೆ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ. 'ತಗುಲಿದಾಗ' ಎಂದರೆ ಸುಮಾರು 32. ಪ್ರಶ್ನೆಯ ಧಾಟಿ ಉತ್ತರವನ್ನೇ ಬದಲಿಸಿತ್ತು.

ಸಂಪಾದಕರ ಕೆಲಸ

ಇಂಥ ಪತ್ರಿಕೆಗೆ ಬಂದ ಲೇಖನ ತನ್ನ ವ್ಯಾಪ್ತಿಗೆ ಸೇರುತ್ತದೆಯೇ ಎಂದು ಪ್ರಧಾನ ಸಂಪಾದಕರು ಮೊದಲು ನೋಡುತ್ತಾರೆ. ನಂತರ ಲೇಖಕರ ಹೆಸರು ಮರೆಮಾಡಿ, ಸಾಮಾನ್ಯವಾಗಿ ಇಬ್ಬರು ಮೂವರು ತಜ್ಞರಿಗೆ ಕಳಿಸಲಾಗುತ್ತದೆ. ಪ್ರಯೋಗ ಸರಿಯಾಗಿ ನಡೆದಿದೆಯೇ ಎಂದು ಮನೋವಿಜ್ಞಾನಿ ಪರೀಕ್ಷಿಸಿದರೆ, ಆ ಪ್ರಶ್ನೆ ನಿಜವಾದ ಮೊಕದ್ದಮೆಯಲ್ಲಿ ಏಳುತ್ತದೆಯೇ ಎಂದು ಕಾನೂನು ಬಲ್ಲವರು ಕೇಳುತ್ತಾರೆ. ತಿರಸ್ಕಾರ, ತಿದ್ದುಪಡಿ, ಸ್ವೀಕಾರ ಇವುಗಳಲ್ಲಿ ಯಾವುದೆಂಬ ಅಂತಿಮ ತೀರ್ಮಾನ ಸಂಪಾದಕರದೇ.

ಯಾವ ವಿಷಯಕ್ಕೆ ಎಷ್ಟು ಒತ್ತು ಕೊಡಬೇಕು ಎಂಬುದೂ ಅವರ ಹೊಣೆ. ಉದಾಹರಣೆಗೆ, ಗ್ಯಾರಿ ವೆಲ್ಸ್ ಮತ್ತು ಸಂಗಡಿಗರು 1998ರಲ್ಲಿ 'ಲಾ ಅಂಡ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಗುರುತು ಪರೇಡ್ ಕುರಿತು ನಾಲ್ಕು ಶಿಫಾರಸು ಮಾಡಿದರು: ಪರೇಡ್ ನಡೆಸುವವರಿಗೆ ಶಂಕಿತ ಯಾರೆಂದು ತಿಳಿದಿರಬಾರದು, ಅಪರಾಧಿ ಸಾಲಿನಲ್ಲಿ ಇಲ್ಲದೆಯೂ ಇರಬಹುದೆಂದು ಸಾಕ್ಷಿಗೆ ಹೇಳಬೇಕು, ಶಂಕಿತ ಉಳಿದವರ ನಡುವೆ ಎದ್ದು ಕಾಣಬಾರದು, ಗುರುತಿಸಿದ ಕ್ಷಣದಲ್ಲೇ ಸಾಕ್ಷಿಗೆ ಎಷ್ಟು ಖಾತ್ರಿಯಿದೆ ಎಂದು ಬರೆದುಕೊಳ್ಳಬೇಕು. 2020ರಲ್ಲಿ ಅದೇ ಪತ್ರಿಕೆಯಲ್ಲಿ ಇವು ಒಂಬತ್ತಾದವು. ಇಡೀ ಪ್ರಕ್ರಿಯೆಯ ವಿಡಿಯೊ ಚಿತ್ರೀಕರಣವೂ ಸೇರಿತು.

ಬೆಂಗಳೂರಿನ ಪಾಠ

ಪರಿಶೀಲನೆಗಿಂತ ಮೊದಲೇ ತಂತ್ರವೊಂದು ತನಿಖೆಗೆ ಇಳಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಹತ್ತಿರದಿಂದ ಕಂಡಿದೆ. 2000ದ ದಶಕದಲ್ಲಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿತ್ತು. ಮಿದುಳಿನ ವಿದ್ಯುತ್ ಸಂಕೇತಗಳಿಂದ ಅಪರಾಧದ ನೆನಪನ್ನು ಪತ್ತೆಹಚ್ಚುತ್ತದೆ ಎನ್ನಲಾದ ವಿಧಾನವನ್ನು ರೂಪಿಸಿದ ಸಿ. ಆರ್. ಮುಕುಂದನ್ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. ಸ್ವತಂತ್ರ ಸಂಶೋಧಕರ ಪರೀಕ್ಷೆ ದಾಟಿ ಮಾನ್ಯ ಪತ್ರಿಕೆಗಳಲ್ಲಿ ಅದು ದೃಢಪಟ್ಟಿಲ್ಲ ಎಂಬುದು ಆಗಿನ ಮುಖ್ಯ ಆಕ್ಷೇಪ. 2008ರಲ್ಲಿ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯೇ ಅದನ್ನು ಸಾಕ್ಷ್ಯವಾಗಿ ಬಳಸಲು ವೈಜ್ಞಾನಿಕ ಆಧಾರ ಸಾಲದೆಂದಿತು. 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ ಎಂದು ತೀರ್ಪಿತ್ತಿತು. ಸಂವಿಧಾನದ 20(3) ಮತ್ತು 21ನೇ ವಿಧಿಗಳು ಅದಕ್ಕೆ ಆಧಾರವಾದವು.

ಇಲ್ಲಿಯ ಪ್ರಶ್ನೆಗಳು

ಹೊರಗಿನ ಅಧ್ಯಯನಗಳನ್ನು ಹಾಗೆಯೇ ಇಲ್ಲಿಗೆ ಹೊಂದಿಸಲು ಬರುವುದಿಲ್ಲ. ಮಾರತ್ತಹಳ್ಳಿ ಸೇತುವೆಯ ಬಳಿ ಅಪಘಾತವಾದರೆ ಕಣ್ಣಾರೆ ಕಂಡವರು ತೆಲುಗು, ಹಿಂದಿ, ಬಂಗಾಳಿ ಮಾತನಾಡುವವರಾಗಿರಬಹುದು. ಠಾಣೆಯಲ್ಲಿ ಹೇಳಿಕೆ ಸಾಮಾನ್ಯವಾಗಿ ಕನ್ನಡದಲ್ಲಿ ದಾಖಲಾಗುತ್ತದೆ. ಒಂದು ಕ್ರಿಯಾಪದಕ್ಕೇ ಒಂಬತ್ತು ಮೈಲಿ ವ್ಯತ್ಯಾಸವಾಗುವುದಾದರೆ, ಭಾಷೆ ದಾಟಿ ಬಂದ ಹೇಳಿಕೆಯಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಸೇರುತ್ತದೆ ಎಂಬುದು ಪ್ರಯೋಗದಿಂದಲೇ ತಿಳಿಯಬೇಕು. ಭಾರತದಲ್ಲಿ ಗುರುತು ಪರೇಡ್ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ನಡೆಯುವುದರಿಂದ ಅದಕ್ಕೂ ಪ್ರತ್ಯೇಕ ಅಧ್ಯಯನ ಅಗತ್ಯ.

ಹೊಸೂರು ರಸ್ತೆಯ ನಿಮ್ಹಾನ್ಸ್, ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಎರಡೂ ಇದೇ ಊರಿನಲ್ಲಿವೆ. ಇಲ್ಲಿಯ ಠಾಣೆ ಮತ್ತು ನ್ಯಾಯಾಲಯಗಳ ಅನುಭವವನ್ನು ಕಟ್ಟುನಿಟ್ಟಿನ ಸಂಶೋಧನೆಯಾಗಿಸಿ ಪ್ರಕಟಿಸುವ ಕೆಲಸವನ್ನು ಎರಡೂ ಕ್ಷೇತ್ರದವರು ಕೂಡಿ ಕೈಗೆತ್ತಿಕೊಳ್ಳಬೇಕು. ನಿರಪರಾಧಿಯೊಬ್ಬ ಜೈಲು ಸೇರುವುದನ್ನು ತಪ್ಪಿಸಲು ಅದು ಅತ್ಯಗತ್ಯ.