ಕುಡುಗೋಲಿಗೆ ಚಕ್ರಕ್ಕಿಂತ ಕೈಸಾಣೆ ಲೇಸು

ರಾಗಿ ಕೊಯ್ಲಿಗೆ ಬಂದವರು ಮೊದಲು ಕೇಳೋದೇ 'ಕುಡ್ಲು ಹರಿತವಾಗೈತಾ ಯಜಮಾನ್ರೇ?' ಅಂತ. ಮೊಂಡು ಕುಡುಗೋಲಾದರೆ ಪೈರು ಬೇರುಸಮೇತ ಕಿತ್ತು ಬರುತ್ತದೆ, ರಾಗಿಗೆ ಮಣ್ಣು ಸೇರುತ್ತದೆ, ಕೂಲಿಯೂ ದಂಡ.

ಅಂಗಡಿಯ ಕಪ್ಪು ಸಾಣೆಕಲ್ಲು ಸಾಮಾನ್ಯವಾಗಿ ಕಾರ್ಬೊರಂಡಮ್. ಇದು ಗಣಿಯ ಕಲ್ಲಲ್ಲ. ಮರಳು, ಕೋಕ್ ಇದ್ದಲು ಬೆರೆಸಿ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಮಾಡಿದ್ದು. ಅಮೆರಿಕದ ಅಚೆಸನ್ 1893ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7, ಇದಕ್ಕೆ 9ಕ್ಕೂ ಮೇಲೆ. ಅದಕ್ಕೇ ಉಕ್ಕನ್ನು ಸವೆಸುತ್ತದೆ. ಕಾರ್ಖಾನೆಯ ಸಾಣೆಚಕ್ರಕ್ಕೂ ಬಡಗಿಯ ಉಪ್ಪುಕಾಗದಕ್ಕೂ ಇದೇ ಸೂತ್ರ.

ಆದರೆ ಕಾವಿನ ಬಗ್ಗೆ ಎಚ್ಚರ ಬೇಕು. ಹೋದ ವರ್ಷ ಸಂತೆಯಲ್ಲಿ ಒಬ್ಬರು ಮೋಟಾರು ಚಕ್ರಕ್ಕೆ ಒತ್ತಿಹಿಡಿದು ನನ್ನ ಕುಡುಗೋಲಿನ ಬಾಯಿ ನೀಲಿಗಟ್ಟಿತು. ಉಕ್ಕಿನ ಹದ ಇಳಿದು ಅರ್ಧ ದಿನಕ್ಕೇ ಮೊಂಡಾಯ್ತು. ಮತ್ತೆ ಕಮ್ಮಾರರ ಕುಲುಮೆಗೇ ಹೋಗಬೇಕಾಯ್ತು.

ಮನೆಯಲ್ಲೇ ಹೀಗೆ ಮಾಡಿ: ಕಲ್ಲನ್ನು ನೀರಲ್ಲಿ ನೆನೆಸಿ. ಮೊದಲು ದೊರಗು ಮುಖ, ಆಮೇಲೆ ನಯ ಮುಖ. ಒಂದೇ ಓರೆಯಲ್ಲಿ ತೀಡಿ. ಹಿಂಬದಿಗೆ ತಿರುಗಿದ ಸಣ್ಣ ಅಂಚನ್ನು ಹಗುರವಾಗಿ ಎಳೆದು ತೆಗೆಯಿರಿ. ನೀರಿದ್ದರೆ ಕಾವೂ ಇಲ್ಲ, ದೂಳೂ ಇಲ್ಲ. ಹಲ್ಲಿನ ಕುಡುಗೋಲಿಗೆ ಮಾತ್ರ ಈ ಕ್ರಮ ಆಗದು.